ಯಾರ ಬಲಕ್ಕೆ

ಇಡೀ ದಿನ ಬೇರೆಯವರ ಮಾತು ಕೇಳಿಸಿಕೊಂಡು ಬಂದವರಿಗೆ ಮನೆಯಲ್ಲಿ ಮಾತು ಬೇಡವಾಗಿರುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಬೆಳಿಗ್ಗೆ ಘಾಟ್ಕೋಪರಿನಲ್ಲಿ ಲೋಕಲ್ ಹಿಡಿದು ವಿ.ಟಿ.ಯಲ್ಲಿ ಇಳಿದು, ಅಲ್ಲಿಂದ ನಡೆದು ಹೋಗಿ, ಕಿಟಕಿಯೇ ಇಲ್ಲದ ಒಂದು ಪುಟ್ಟ ಕೋಣೆಯಲ್ಲಿ ಬೋರ್ಡಿನ ಮುಂದೆ ಕೂತರೆ ಸಂಜೆಯವರೆಗೆ ಒಬ್ಬರ ವಯರನ್ನು ಇನ್ನೊಬ್ಬರ ತೂತಿಗೆ ಚುಚ್ಚುವುದೇ ಕೆಲಸ. ಕಲ್ಕತ್ತಾದ ಟ್ರಂಕ್ ಕಾಲ್ ಸಿಗದಿದ್ದರೆ ಸಾಹೇಬರು ಕಲ್ಕತ್ತಾವನ್ನು ಬಯ್ಯುತ್ತಿರಲಿಲ್ಲ, ನನ್ನನ್ನು ಬಯ್ಯುತ್ತಿದ್ದರು. ಸಂಜೆ ಹೆಡ್‌ಫೋನ್ ತೆಗೆದಿಟ್ಟ ಮೇಲೂ ಅದರ ಬಿಗಿ ತಲೆಯ ಸುತ್ತ ಉಳಿದಿರುತ್ತಿತ್ತು. ಲೋಕಲ್ಲಿನ ಹೆಂಗಸರ ಡಬ್ಬದಲ್ಲಿ ಕಂಬಕ್ಕೊರಗಿ ನಿಂತೇ ನಿದ್ದೆ ಮಾಡುವುದನ್ನು ಕಲಿತದ್ದು ಆ ವರ್ಷಗಳಲ್ಲೇ.

ಮನೆಯೆಂದರೆ ಘಾಟ್ಕೋಪರಿನ ಗುಡ್ಡದ ಬುಡದ ಚಾಳಿನಲ್ಲಿ ಒಂದು ಖೋಲಿ, ಒಂದೇ ಕೋಣೆ. ಅದರಲ್ಲಿ ಅವ್ವ ಮತ್ತು ನಾನು. ಗಿರಣಿಯಲ್ಲಿದ್ದ ಅಪ್ಪ ನಾನು ಮೆಟ್ರಿಕ್ ಮುಗಿಸುವ ಮೊದಲೇ ತೀರಿಕೊಂಡಿದ್ದರು. ಅಕ್ಕನನ್ನು ಗದಗಿಗೆ ಕೊಟ್ಟಿತ್ತು. ನನಗೆ ಮೂವತ್ತು ದಾಟಿತ್ತು. ನನ್ನನ್ನು ನೋಡಲು ಬಂದವರಲ್ಲಿ ಕೆಲವರು ನೌಕರಿ ಬಿಡಬೇಕೆಂದರು, ಕೆಲವರಿಗೆ ನೌಕರಿಯೊಂದೇ ಸಾಕಾಗಿತ್ತು, ನಾನು ಬೇಕಾಗಿರಲಿಲ್ಲ. ಆಮೇಲೆ ಬರುವುದೇ ನಿಂತುಹೋಯಿತು. ಅದರಿಂದ ನಮ್ಮಿಬ್ಬರಿಗೂ ಒಂದು ಬಗೆಯ ನೆಮ್ಮದಿಯೇ ಆಗಿತ್ತೆನ್ನಬೇಕು.

ಒಂದು ವರ್ಷ ಮಳೆಗಾಲದಲ್ಲಿ ಅಕ್ಕ ಹೋದಳು. ಎರಡನೆಯ ಹೆರಿಗೆಯಲ್ಲಿ, ಕೂಸಿನ ಸಮೇತ. ಉಳಿದದ್ದು ಮೊದಲನೆಯ ಮಗಳು, ನಾಲ್ಕು ವರ್ಷದವಳು. ಕರ್ಮಗಳು ಮುಗಿದ ದಿನ ಗದಗಿನ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ನಾನು ಚಹಾದ ತಟ್ಟೆ ಹಿಡಿದು ಹೋದಾಗ ಮಾತು ನಿಂತಿತು, ಎಲ್ಲರೂ ನನ್ನ ಮುಖ ನೋಡಿದರು. ಆಗಲೇ ನನಗೆ ತಿಳಿಯಿತು. ಹೊರಗಿನಿಂದ ಒಬ್ಬಳನ್ನು ತಂದರೆ ಅವಳು ಈ ಮಗುವನ್ನು ಯಾಕೆ ನೋಡಿಯಾಳು, ಮನೆಯಲ್ಲೇ ತಂಗಿ ಇರುವಾಗ ಬೇರೆ ಕಡೆ ಯಾಕೆ ಹುಡುಕಬೇಕು ಎಂಬುದು ಅವರ ಮಾತು. ಯಾರೂ ನನಗೆ ಹೇಳಲಿಲ್ಲ, ನನ್ನ ಎದುರಿಗೆ ಗೋಡೆಗೆ ಹೇಳಿದರು. ಸಂಕ್ರಾಂತಿಯೊಳಗೆ ಒಂದು ಮಾತು ತಿಳಿಸಿ ಎಂದು ಅವ್ವನಿಗೆ ಹೇಳಿ ಕಳಿಸಿದರು.

ಭಾವ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಸಾಲಿ ಮಾಸ್ತರ. ಕುಡಿತವಿಲ್ಲ, ತಂಬಾಕಿಲ್ಲ, ಎತ್ತರದ ದನಿಯಿಲ್ಲ. ದೀಪಾವಳಿಗೆ ಮಗಳನ್ನು ಕರೆದುಕೊಂಡು ನಮ್ಮ ಖೋಲಿಗೆ ಬಂದಿದ್ದ. ಟ್ರಂಕಿನ ಮೇಲೆ ಕೂತು ಚಹಾ ಕುಡಿದ, ಅಕ್ಕನ ಫೋಟೋ ಇದ್ದ ಗೋಡೆಯ ಕಡೆ ಬೆನ್ನು ಮಾಡಿಕೊಂಡ. ಅಕ್ಕ ಇದ್ದಾಗ ನಾನು ಅವನನ್ನು ಬೇಕಾದಷ್ಟು ಚೇಷ್ಟೆ ಮಾಡಿದ್ದೆ, ಅವನ ಛತ್ರಿ ಬಚ್ಚಿಟ್ಟಿದ್ದೆ. ಈಗ ಅವನ ಕೈಗೆ ಕಪ್ಪು ಕೊಡುವಾಗ ನನ್ನ ಕೈ ನನ್ನದೇ ಅನ್ನಿಸಲಿಲ್ಲ. ಮಗು ಮಾತ್ರ ನನ್ನ ತೊಡೆ ಬಿಡಲಿಲ್ಲ. ನನ್ನ ಕಿವಿಯ ಮೇಲೆ ಹೆಡ್‌ಫೋನ್ ಒತ್ತಿದ ಕೆಂಪು ಗುರುತಿತ್ತು. ಅದನ್ನು ಬೆರಳಿಂದ ಮುಟ್ಟಿ, ಯಾರು ಹೊಡೆದರು ಚಿಗವ್ವ ಎಂದು ಕೇಳಿತು. ಯಾರೂ ಇಲ್ಲ ಅಂದರೂ ನಂಬಲಿಲ್ಲ. ಮಲಗುವವರೆಗೂ ಆ ಕಿವಿಯನ್ನು ಹಿಡಿದುಕೊಂಡೇ ಇತ್ತು.

ಅವರು ಊರಿಗೆ ಹೋದ ಮೇಲೆ ಅವ್ವ ದಿನವೂ ಸಂಜೆ ಒಂದೇ ಮಾತು ತೆಗೆಯುತ್ತಿದ್ದಳು. ಹೀಗೆ ಮಾಡು ಅಂತ ಎಂದೂ ಹೇಳಲಿಲ್ಲ. ಕೂಸು ಸೊರಗಿದೆ, ಕೂಸಿನ ತಲೆ ಯಾರು ಬಾಚುತ್ತಾರೋ, ಕೂಸು ನಿನ್ನ ಹಾಗೇ ಎಡಗೈ ಊರಿ ಏಳುತ್ತದೆ, ಇಷ್ಟೇ. ನಾನು ಕೇಳಿಸಿಕೊಂಡು ತಾಟಿನಲ್ಲಿದ್ದುದನ್ನು ತಿಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಹೂಂ ಅಂದರೆ ನೌಕರಿ, ಮುಂಬಯಿ, ನನ್ನದು ಅಂತ ಇದ್ದ ಎಲ್ಲವೂ ಮುಗಿಯಿತು. ಅಕ್ಕನ ಗಂಡನ ಪಕ್ಕದಲ್ಲಿ, ಅಕ್ಕನ ಪಾತ್ರೆಗಳ ನಡುವೆ, ಅಕ್ಕನ ಬದುಕಿನ ಉಳಿದ ಭಾಗವನ್ನು ನಾನು ಬದುಕಬೇಕು. ಉಹೂಂ ಅಂದರೆ ಆ ಮಗುವಿನ ಮುಖ. ಎರಡನ್ನೂ ತೂಗಿ ತೂಗಿ ನನಗೆ ಸಾಕಾಗಿತ್ತು. ಯಾರಾದರೂ ಹೇಳಿಬಿಟ್ಟರೆ ಸಾಕು, ಹಾಗೇ ಮಾಡುತ್ತೇನೆ ಅನ್ನುವ ಮಟ್ಟಕ್ಕೆ ಬಂದಿದ್ದೆ.

ಹೇಳುವವರು ನಮ್ಮ ಮನೆಯಲ್ಲೇ ಇದ್ದರು, ಹಾಗೆ ನೋಡಿದರೆ. ಅವ್ವ ಗದಗಿನ ಹತ್ತಿರದ ಒಂದು ಹಳ್ಳಿಯ ಪೂಜಾರಿಯ ಮಗಳು. ಅಲ್ಲಿಯ ದೇವರು ಹೂವಿನ ಪ್ರಸಾದ ಕೊಡುವ ದೇವರು. ಮೂರ್ತಿಯ ಮೈಗೆ ಒದ್ದೆ ಹೂ ಅಂಟಿಸಿ ಮನಸ್ಸಿನಲ್ಲಿದ್ದುದನ್ನು ಕೇಳಿದರೆ, ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಪಕ್ಕದ ಖೋಲಿಯ ಮರಾಠಿ ಹೆಂಗಸು, ನಾವು ಬಾಯಿ ಎಂದು ಕರೆಯುತ್ತಿದ್ದವರು, ಇದನ್ನೇ ಕೌಲ್ ಅನ್ನುತ್ತಿದ್ದರು. ಇದರ ಕಟ್ಟಳೆಗಳೆಲ್ಲ ಅವ್ವನಿಗೆ ಬಾಯಿಪಾಠ. ಮಿಂದಿರಬೇಕು, ಹೊಟ್ಟೆಗೆ ಏನೂ ತಿಂದಿರಬಾರದು, ಒಂದೇ ಸಂಗತಿ ಕೇಳಬೇಕು, ಗಾಳಿಗೆ ಬಿದ್ದ ಹೂವು ಲೆಕ್ಕಕ್ಕಿಲ್ಲ, ಒಮ್ಮೆ ಕೊಟ್ಟ ಮೇಲೆ ಎರಡನೆಯ ಸಲ ಕೇಳಬಾರದು. ಊರಿಗೆ ಹೋಗಿ ಪ್ರಸಾದ ಕೇಳಿ ಬಂದ ಚಾಳಿನ ಜನ ನೇರವಾಗಿ ಅವ್ವನ ಹತ್ತಿರ ಬಂದು, ಹೀಗೆ ಬಿತ್ತು, ಹಾಗೆ ಬಿತ್ತು ಎಂದು ಹೇಳಿ ಅರ್ಥ ಕೇಳುತ್ತಿದ್ದರು. ಆದರೆ ಅವ್ವ ತಾನಾಗಿ ಎಂದೂ ಹೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಗದಗಿನಲ್ಲಿದ್ದಾಗ, ಹೇಗೂ ಊರು ಹತ್ತಿರವಿದೆ, ನನ್ನ ಸಲುವಾಗಿ ಒಮ್ಮೆ ಕೇಳಿಬಿಡು ಅಂದಿದ್ದೆ. ಕೇಳುವುದಿಲ್ಲ ಅಂತ ಒಂದೇ ಮಾತಿನಲ್ಲಿ ಕತ್ತರಿಸಿದ್ದಳು. ಎಡಕ್ಕೆ ಬಿದ್ದೀತೆಂಬ ಭಯ ಅಂದುಕೊಂಡು ನಾನು ಒಳಗೊಳಗೆ ಸಿಟ್ಟಾಗಿದ್ದೆ.

ನಮ್ಮ ಆಫೀಸಿನಲ್ಲಿ ದೊಡ್ಡ ಸಾಹೇಬರ ಸ್ಟೆನೋ ಒಬ್ಬರು ಪಾರ್ಸಿ ಬಾಯಿ. ನಿವೃತ್ತಿಗೆ ಹತ್ತಿರವಾದವರು, ಹೂಹೂವಿನ ಫ್ರಾಕು, ಕನ್ನಡಕಕ್ಕೆ ಸರಪಳಿ. ಗೇಟ್‌ವೇ ಹತ್ತಿರ ಮಲಗುತ್ತಿದ್ದ ಗಡ್ಡದ ಫಾರಿನರ್ ಹುಡುಗನೊಬ್ಬನಿಂದ ಅವರ ಸೋದರಳಿಯ ಭವಿಷ್ಯ ನೋಡುವ ಒಂದು ಕಟ್ಟು ಟ್ಯಾರೋ ಎಲೆಗಳನ್ನು ಕೊಂಡು ತಂದಿದ್ದನಂತೆ. ಇಸ್ಪೀಟಿನ ಎಲೆಗಳಿಗಿಂತ ಉದ್ದ, ಪ್ರತಿಯೊಂದರಲ್ಲೂ ಬಣ್ಣದ ಚಿತ್ರ. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಹಳೆಯ ಫೈಲುಗಳ ಕೋಣೆಯಲ್ಲಿ ಅವರು ಆ ಎಲೆಗಳನ್ನು ಹರಡಿ ಕೂರುತ್ತಿದ್ದರು. ಆಫೀಸಿನ ಹೆಂಗಸರು ಸುತ್ತ ಸೇರುತ್ತಿದ್ದರು. ನಾನು ಎಂದೂ ಅಲ್ಲಿ ಕೂತಿರಲಿಲ್ಲ. ಅವರೆಲ್ಲರ ಫೋನು ನನ್ನ ಬೋರ್ಡಿನ ಮೇಲೇ ಹಾದುಹೋಗುತ್ತಿದ್ದುದರಿಂದ ಅವರವರ ಕಷ್ಟಗಳು ಎಲೆಗಳಿಗಿಂತ ಮೊದಲೇ ನನಗೆ ಗೊತ್ತಾಗಿರುತ್ತಿದ್ದವು.

ಸಂಕ್ರಾಂತಿ ಹತ್ತಿರ ಬಂದಿದ್ದ ಒಂದು ಶನಿವಾರ ನಾನೂ ಹೋಗಿ ನಿಂತೆ. ಉಳಿದವರು ಹೋಗುವವರೆಗೆ ಕಾದೆ. ಅಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಏನೂ ತಿನ್ನದೆ ಹೊರಟಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚಿರಲಿಲ್ಲ, ಹಸಿವಿಲ್ಲ ಅಂದುಕೊಂಡಿದ್ದೆ. ಪ್ರಸಾದ ಕೇಳಲು ಹೋಗುವವಳ ಹಾಗೆ ಮಿಂದು ಉಪವಾಸ ಬಂದಿದ್ದೇನೆ ಅನ್ನುವುದು ಆ ಕುರ್ಚಿಯಲ್ಲಿ ಕೂತ ಮೇಲೇ ಹೊಳೆದದ್ದು. ನನ್ನ ಬಗ್ಗೆ ನನಗೇ ನಗು ಬಂತು, ಆದರೆ ಏಳಲಿಲ್ಲ.

ಪಾರ್ಸಿ ಬಾಯಿ ಮೇಜಿನ ಆ ಬದಿಗೆ, ನಾನು ಈ ಬದಿಗೆ. ಏನು ಕೇಳಬೇಕು ಎಂದರು. ನನ್ನ ಆಫೀಸಿನ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ, ಅಕ್ಕ, ಭಾವ, ಮಗು, ಪಡಸಾಲೆ. ಬೇರೊಬ್ಬರ ಎದುರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೋಗಲೋ ಬೇಡವೋ, ಅಷ್ಟು ಹೇಳಿ ಎಂದೆ. ಈ ಎಲೆಗಳು ಹೌದು ಅಲ್ಲ ಅಂತ ಹೇಳುವುದಿಲ್ಲ, ನೀನು ಎಲ್ಲಿ ನಿಂತಿದ್ದೀ ಅಂತ ತೋರಿಸುತ್ತವೆ ಅಷ್ಟೇ ಎಂದು ಅವರು ಗುಜರಾತಿ ಬೆರೆತ ಹಿಂದಿಯಲ್ಲಿ ಹೇಳುತ್ತ ಎಲೆ ಕಲಸತೊಡಗಿದರು. ನಾನು ಎಲ್ಲಿ ನಿಂತಿದ್ದೇನೆ ಅನ್ನುವುದಕ್ಕೆ ಚಿತ್ರ ಯಾಕೆ ಬೇಕು ಎಂದು ನನಗೆ ರೇಗಿತು. ಅಷ್ಟರಲ್ಲಿ ಒಂದು ಎಲೆ ಅವರ ಬೆರಳಿನಿಂದ ಜಾರಿ, ಮೇಜಿನ ಅಂಚಿಗೆ ತಗುಲಿ, ನನ್ನ ಬಲಗಾಲಿನ ಪಕ್ಕ ನೆಲಕ್ಕೆ ಬಿತ್ತು.

ಬಲಕ್ಕೆ ಬಿತ್ತು.

ಎಲೆ ಬೋರಲಾಗಿ ಬಿದ್ದಿತ್ತು. ಬಗ್ಗಿ ತೆಗೆದು, ಚಿತ್ರ ನೋಡದೆ, ಹಾಗೇ ಅವರ ಕೈಗೆ ಕೊಟ್ಟೆ. ಬೆರಳಿಗೆ ವಾತ ಹಿಡಿದಿದೆ, ಕೈ ನಿಲ್ಲುವುದಿಲ್ಲ ಎಂದು ಹೇಳಿ ಅವರು ಅದನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು. ಆಮೇಲೆ ಮೂರು ಎಲೆ ಹಾಸಿ ಬಹಳ ಹೊತ್ತು ಮಾತಾಡಿದರು. ಒಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿ ಹಿಡಿದ ಹೆಂಗಸು. ಇನ್ನೊಂದರಲ್ಲಿ ದೊಡ್ಡ ಕಟ್ಟಿಗೆಯ ಹೊರೆ ತಬ್ಬಿಕೊಂಡು ಬಗ್ಗಿ ನಡೆಯುತ್ತಿರುವ ಗಂಡಸು, ವಿ.ಟಿ.ಯ ಹಮಾಲರ ಹಾಗೆ. ಇದು ನೀನು ಎಂದು ಅದರ ಮೇಲೆ ಬೆರಳಿಟ್ಟರು. ಮೂರನೆಯದು ನೆನಪಿಲ್ಲ. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ನನಗೆ ಬೇಕಾದದ್ದು ಆಗಲೇ ಸಿಕ್ಕಿಯಾಗಿತ್ತು. ಅಪ್ಪಣೆ ಆಗಿತ್ತು. ಹೋಗು ಅಂತ ಆಗಿತ್ತು.

ಮಧ್ಯಾಹ್ನದ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಇನ್ನು ತೂಗುವುದಿಲ್ಲ, ಯೋಚಿಸುವುದಿಲ್ಲ ಅನ್ನುವ ಸಮಾಧಾನವೋ ಏನೋ, ಭಾಯಖಳಾ ಬರುವುದರೊಳಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಘಾಟ್ಕೋಪರ್ ದಾಟಿ ಠಾಣೆ. ಇಳಿದು, ಸೇತುವೆ ಹತ್ತಿ, ಎದುರು ಬದಿಯ ಗಾಡಿ ಹಿಡಿದು ಹಿಂದೆ ಬಂದೆ. ಆ ಗಾಡಿಯಲ್ಲಿ ನಿದ್ದೆ ಬರಲಿಲ್ಲ. ಮುಲುಂಡ್, ಭಾಂಡುಪ್, ವಿಕ್ರೋಳಿ, ಒಂದೊಂದು ಸ್ಟೇಷನ್ನಿನ ಬೋರ್ಡನ್ನೂ ಇನ್ನು ನೋಡಲಿಕ್ಕಿಲ್ಲ ಅನ್ನುವ ಹಾಗೆ ನೋಡುತ್ತ ಬಂದೆ. ದಿನವೂ ಶಾಪ ಹಾಕುತ್ತಿದ್ದ ಆಫೀಸಿನ ಬೋರ್ಡು, ಹೆಡ್‌ಫೋನು, ಆ ಕಿಟಕಿಯಿಲ್ಲದ ಕೋಣೆ ಕೂಡ ನನ್ನವು ಅನ್ನಿಸಿಬಿಟ್ಟವು. ಅಪ್ಪಣೆ ಸಿಕ್ಕವರಿಗೆ ಹಗುರವಾಗಬೇಕು. ನನಗೆ ಹಾಗಾಗಲಿಲ್ಲ.

ಖೋಲಿಗೆ ಬಂದಾಗ ಅವ್ವ ಸ್ಟೋವಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿ ಬಿಟ್ಟು, ಹೊಸ್ತಿಲ ಒಳಗೆ ಅಲ್ಲೇ ಗೋಡೆಗೊರಗಿ ಕೂತು, ಪ್ರಸಾದ ಆಯಿತು, ಬಲಕ್ಕೆ ಬಿತ್ತು, ಗದಗಿಗೆ ತಿಳಿಸಿಬಿಡು ಎಂದೆ. ಎಲ್ಲಿಯ ಪ್ರಸಾದ ಎಂದು ಕೇಳಿದಳು. ಎಲೆಗಳ ಸಂಗತಿ ಹೇಳಿದೆ. ನಗುತ್ತಾಳೆ ಅಥವಾ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಚಾಳಿನವರನ್ನು ಕೇಳುವ ಹಾಗೆಯೇ ನನ್ನನ್ನೂ ಒಂದೊಂದಾಗಿ ಕೇಳಿದಳು. ಮಿಂದು ಹೋಗಿದ್ದೆಯಾ, ಏನಾದರೂ ತಿಂದಿದ್ದೆಯಾ, ಒಂದೇ ಸಂಗತಿ ಕೇಳಿದೆಯಾ, ಫ್ಯಾನು ತಿರುಗುತ್ತಿತ್ತಾ. ಎಲೆ ಹಾರುತ್ತವೆಂದು ಫ್ಯಾನು ಬಂದ್ ಮಾಡಿದ್ದರು ಎಂದೆ. ಅವಳು ರೊಟ್ಟಿಯನ್ನು ತವೆಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಕೇಳಿದಳು.

"ಯಾರ ಬಲಕ್ಕ ಬಿತ್ತು?"

"ನನ್ನ ಬಲಕ್ಕ."

"ಆ ಬಾಯಿ ಎಲ್ಲಿ ಕುಂತಿದ್ಲು?"

"ನನ್ನ ಎದರಿಗೆ."

"ಹಂಗಾದ್ರ ಎಡಕ್ಕ ಬಿದ್ದೈತಿ. ಕೊಡೂವರ ಬಲಾ ನೋಡಬೇಕವ್ವಾ, ಕೇಳೂವರ ಬಲಾ ಅಲ್ಲ."

ಇದು ನನಗೆ ಗೊತ್ತಿಲ್ಲದ ಮಾತಲ್ಲ. ದೇವರು ನಮ್ಮ ಕಡೆ ಮುಖ ಮಾಡಿರುತ್ತಾನೆ, ಅವನ ಬಲವೇ ಬಲ ಎಂದು ಚಿಕ್ಕಂದಿನಲ್ಲಿ ಊರ ಗುಡಿಯಲ್ಲಿ ನಿಂತು ಅವ್ವನೇ ತೋರಿಸಿಕೊಟ್ಟಿದ್ದಳು. ಆ ಕುರ್ಚಿಯಲ್ಲಿ ಅದು ಹೇಗೆ ಮರೆತುಹೋಯಿತೋ ತಿಳಿಯದು. ಪಾರ್ಸಿ ಬಾಯಿ ದೇವರೇನು, ಅದು ಬರೀ ಕಾಗದ ಎಂದು ವಾದಿಸಿದೆ. ಕಾಗದವಾದರೆ ಉಪವಾಸ ಯಾಕೆ ಹೋದೆ ಎಂದಳು. ಆ ಬಾಯಿಯನ್ನು ದೇವರ ಜಾಗದಲ್ಲಿ ಕೂರಿಸಿದರೆ ಎಡ, ಬೇಡ ಅಂತ. ಅಲ್ಲಿ ದೇವರೇ ಇರಲಿಲ್ಲ ಅಂದರೆ ಬಲ ನನ್ನದು, ಹೋಗು ಅಂತ. ಯಾವುದನ್ನು ಹಿಡಿದರೂ ಹಿಡಿಯುವವಳು ನಾನೇ. ಯಾರ ತಲೆಗೋ ಕಟ್ಟಿ ಬಂದೆ ಅಂದುಕೊಂಡಿದ್ದ ಹೊರೆ ನನಗಿಂತ ಮೊದಲು ಮನೆಗೆ ಬಂದು ಕೂತಿತ್ತು. ನನಗೆ ಅಳು ಬಂತು. ದುಃಖದ ಅಳು ಅಲ್ಲ, ಬರೀ ದಣಿವಿನ ಅಳು.

ಆದರೆ ಒಂದು ಮಾತು ಹೇಳಲೇಬೇಕು. ಅವ್ವ ಎಡ ಅಂದ ಕ್ಷಣ ನನಗೆ ಹಗುರವಾಯಿತು. ಅದು ನನಗೆ ಸ್ಪಷ್ಟವಾಗಿ ತಿಳಿಯಿತು. ಅದರ ಬೆನ್ನಿಗೇ ನನ್ನ ಕಿವಿ ಹಿಡಿದುಕೊಂಡ ಪುಟ್ಟ ಕೈ ನೆನಪಾಗಿ ನಾಚಿಕೆಯೂ ಆಯಿತು. ಆ ನಾಚಿಕೆಗೇ ಹೇಳಿದೆ, ಸೋಮವಾರ ಹೋಗಿ ಇನ್ನೊಮ್ಮೆ ಕೇಳಿಕೊಂಡು ಬರುತ್ತೇನೆ ಎಂದು.

ಅವ್ವ ಸ್ಟೋವಿನ ಗಾಳಿ ಬಿಟ್ಟಳು. ಅದರ ಭರ್ರೆನ್ನುವ ಸದ್ದು ನಿಂತ ಮೇಲೆ ಖೋಲಿ ಬಹಳ ದೊಡ್ಡದಾದ ಹಾಗೆನ್ನಿಸಿತು. ಕಲಸಿದ ಹಿಟ್ಟು ಇನ್ನೂ ಉಳಿದಿತ್ತು.

"ನನ್ನ ಲಗ್ನಕ್ಕ ಎಡಕ್ಕ ಬಿದ್ದಿತ್ತು," ಅಂದಳು.

ಹೂ ಅಂಟಿಸಿದ ಕೈ ಅವಳ ಅಪ್ಪನದೇ. ಮುಂಬಯಿ ಗಿರಣಿಯ ವರ, ಬಿಡಬಾರದು ಎಂದು ಹಿರಿಯರಿಗೆ ಆಗಲೇ ಮನಸ್ಸಾಗಿತ್ತು. ಹೂ ಎಡಕ್ಕೆ ಬಿದ್ದಾಗ, ನೀರು ಹೆಚ್ಚಾಗಿ ಭಾರಕ್ಕೆ ಬಿತ್ತು ಎಂದು ಯಾರೋ ಅಂದರಂತೆ. ಇನ್ನೊಂದು ಹೂ ಇಟ್ಟರು. ಅದೂ ಎಡಕ್ಕೆ. ಅಂದು ಸುಮ್ಮನೆ ಎದ್ದುಬಂದು, ಮರುದಿನ ಬೆಳಿಗ್ಗೆ ಮತ್ತೆ ಕೇಳಿದರು. ಬಲಕ್ಕೆ ಬಿತ್ತು. ಗುಡಿಯಿಂದ ಬಂದವರೇ ಅರಿಶಿಣ ಕುಟ್ಟಲು ಕೂತರಂತೆ. ಅವ್ವ ಆಗ ಗುಡಿಯ ಕಂಬದ ಮರೆಯಲ್ಲಿ ನಿಂತು ಮೂರು ಸಲವೂ ನೋಡಿದ್ದಳು.

"ದೇವರನ್ನ ಮೂರು ಸಲ ಕೇಳಿದ್ರು," ಅಂದಳು. "ನನ್ನ ಒಂದು ಸಲಾನೂ ಕೇಳಲಿಲ್ಲ."

ನಮ್ಮ ಅಪ್ಪ ಕೆಟ್ಟವರಾಗಿರಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಅವರ ಸಿಟ್ಟು, ಗೋಡೆಗೆ ಹೋಗಿ ಬಡಿಯುತ್ತಿದ್ದ ತಾಟು, ಆಮೇಲೆ ಅವ್ವ ಮಾತಿಲ್ಲದೆ ಮೊಣಕಾಲೂರಿ ಆರಿಸುತ್ತಿದ್ದ ಅನ್ನದ ಅಗಳು, ಇದೆಲ್ಲ ಅಕ್ಕನೂ ನಾನೂ ಚಾಪೆಯ ಮೇಲೆ ಮಲಗಿದ ಹಾಗೆ ನಟಿಸುತ್ತ ನೋಡಿದ್ದು. ಅವಳು ಹೂ ಯಾಕೆ ಕೇಳುವುದಿಲ್ಲ ಅನ್ನುವುದು ಇಷ್ಟು ವರ್ಷಗಳ ಮೇಲೆ ನನಗೆ ತಿಳಿಯಿತು. ಭಯಕ್ಕಲ್ಲ.

ಅವ್ವ ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿ ಕೂತಳು.

"ನಿನಗ ಮನಸೈತೇನು?"

ಮಳೆಗಾಲದಿಂದ ಆವರೆಗೆ ಯಾರೂ ನನ್ನನ್ನು ಅದೊಂದು ಕೇಳಿರಲಿಲ್ಲ. ಕೇಳಿದರೆ ಉದ್ದಕ್ಕೆ ಏನೇನೋ ಹೇಳಬೇಕಾದೀತು ಅಂದುಕೊಂಡಿದ್ದೆ. ಒಂದೇ ಮಾತಿತ್ತು.

"ಇಲ್ಲವ್ವಾ."

ಅವಳು ತಲೆಯಾಡಿಸಿದಳು. ಸ್ಟೋವಿಗೆ ಮತ್ತೆ ಗಾಳಿ ಹೊಡೆದಳು. ಉಳಿದ ರೊಟ್ಟಿಗಳನ್ನೆಲ್ಲ ಬಡಿದು ಬೇಯಿಸಿ ಮುಗಿಸಿದಳು. ನನಗೆ ತಾಟು ಹಾಕಿಕೊಟ್ಟು, ಹಾಗಾದರೆ ಕೂಸಿನ ಹತ್ತಿರ ತಾನು ಹೋಗುವುದಾಗಿ ಹೇಳಿದಳು. ಅಂಗಡಿಗೆ ಹೋಗಿ ಬರುತ್ತೇನೆ ಅನ್ನುವ ದನಿಯಲ್ಲೇ ಹೇಳಿದಳು. ನಾನು ಬೆಳಗಿನಿಂದ ಉಪವಾಸವಿದ್ದವಳು, ಬಿಸಿ ರೊಟ್ಟಿ ಮುರಿದು ತಿನ್ನುತ್ತಲೇ ಇದ್ದೆ.

ಆಮೇಲಿನ ದಿನಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಪಾರ್ಸಿ ಬಾಯಿ ಏನಾಯಿತೆಂದು ವಿಚಾರಿಸಿದರು. ಹೋಗುವುದಿಲ್ಲ ಎಂದೆ. ಎಲೆಗಳು ಹಾಗೇ ತೋರಿಸಿದ್ದವು ಎಂದು ಅವರಿಗೆ ಸಂತೋಷವಾಯಿತು. ಅಂದು ಕೈಜಾರಿ ಬಿದ್ದ ಎಲೆ ಯಾವುದು ಎಂದು ಕೇಳಿದೆ. ಎಲೆ ಬಿದ್ದದ್ದೇ ಅವರಿಗೆ ನೆನಪಿರಲಿಲ್ಲ. ಗದಗಿನಲ್ಲಿ ಭಾವ ಒಪ್ಪಿದ, ಹಿರಿಯರು ಸ್ವಲ್ಪ ಗೊಣಗಿ ಸುಮ್ಮನಾದರು. ಅವ್ವ ನನಗಾಗಿ ಶೇಂಗಾ ಚಟ್ನಿ ಕುಟ್ಟಿ ಡಬ್ಬ ತುಂಬಿದಳು. ನಳದ ನೀರು ಬರುವ ಹೊತ್ತಿಗೆ ನನ್ನ ಕೊಡ ಪಾಳಿಯಲ್ಲಿಡುವಂತೆ ಮರಾಠಿ ಬಾಯಿಗೆ ಒಪ್ಪಿಸಿದಳು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಸಲೀಸಾಗಿ ನಡೆಯುವುದನ್ನು ನಿಲ್ಲಿಸಿ ನೋಡುವ ತ್ರಾಣ ನನಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವಳನ್ನು ಬಿಡಲು ದಾದರಿಗೆ ಹೋದೆ. ಮಿರಜಿನಲ್ಲಿ ಗಾಡಿ ಬದಲಿಸಬೇಕಿತ್ತು, ಜೊತೆಗೆ ನಮ್ಮ ಚಾಳಿನ ಕಡೆಯ ಕುಟುಂಬವೊಂದಿತ್ತು. ಸಾಮಾನೆಂದರೆ ಒಂದು ಟ್ರಂಕು, ಒಂದು ಕೈಚೀಲ. ಮದುವೆಯಾಗಿ ಬಂದಂದಿನಿಂದ ಮುಂಬಯಿಯಲ್ಲೇ ಇದ್ದವಳು, ತನ್ನ ಖೋಲಿ, ತನ್ನ ಸ್ಟೋವು, ತನ್ನನ್ನು ಪ್ರಸಾದದ ಅರ್ಥ ಕೇಳುವ ಚಾಳಿನ ಜನ, ಎಲ್ಲವನ್ನೂ ಬಿಟ್ಟು ಅಳಿಯನ ಮನೆಯಲ್ಲಿ ಇರಲು ಹೊರಟಿದ್ದಳು. ಕಿಟಕಿಯ ಸರಳಿನಾಚೆ ಕೂತು, ರವಿವಾರ ಹಾಸಿಗೆ ಬಿಸಿಲಿಗೆ ಹಾಕು, ಡಬ್ಬಿ ಬಿಚ್ಚದೆ ವಾಪಸು ತರಬೇಡ ಎಂದು ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತ ಅವಳ ಮುಖ ನೋಡುತ್ತಿದ್ದೆ. ಆಗ ತಟ್ಟನೆ ತಿಳಿಯಿತು, ಅವಳನ್ನು ನಾನೂ ಕೇಳಿರಲಿಲ್ಲ. ಕೇಳಿದೆ.

"ಅವ್ವಾ, ನಿನಗ ಹೋಗಾಕ ಮನಸೈತೇನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಈಗ ಕೇಳ್ತೀಯೇನ, ಗಾಡಿ ಬಿಡೂ ಹೊತ್ತಿಗೆ," ಅಂದಳು.

ಗಾಡಿ ಜರುಗಿತು. ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದೆ. ಅವಳು ಉತ್ತರ ಹೇಳಲಿಲ್ಲ, ಎರಡನೆಯ ಸಲ ಕೇಳುವ ಧೈರ್ಯ ನನಗೆ ಆಗಲಿಲ್ಲ.